ಸೋಮವಾರದ ಚಿಕ್ಕವ್ವ

ಅವಳ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಹತ್ತು ಬೆರಳೂ ಬೇಯಿಸಿ ಸಿಪ್ಪೆ ಸುಲಿದ ಗೆಣಸಿನ ಹಾಗೆ ಬೆಳ್ಳಗೆ, ನುಣ್ಣಗೆ ಇದ್ದವು. ಉಗುರುಗಳು ಮಾತ್ರ ಹಳದಿ. ರೇಷ್ಮೆ ಗೂಡು ಬೇಯುವ ನೀರಿನಲ್ಲಿ ಹರೆಯವನ್ನೆಲ್ಲ ಕಳೆದ ಕೈ ಅದು. ರೇಷನ್ ಅಂಗಡಿಗೆ ಹೆಬ್ಬೆಟ್ಟು ಒತ್ತುವ ಮಷೀನು ಬಂದ ಮೇಲೆ ಅವಳಿಗೆ ತಿಂಗಳು ತಿಂಗಳೂ ಪಜೀತಿ. ಸೆರಗಿನಲ್ಲಿ ಒರೆಸಿ ಒತ್ತಿದರೂ ಇಲ್ಲ, ಎಂಜಲು ಹಚ್ಚಿ ಒತ್ತಿದರೂ ಇಲ್ಲ. "ಈ ಮಿಷನ್ ಪಾಲಿಗೆ ನಾನು ಭೂಮಿ ಮ್ಯಾಲೇ ಇಲ್ಲ ಕಣವ್ವ" ಎಂದು ನಗುತ್ತಿದ್ದಳು. ಕೊನೆಗೆ ಕಣ್ಣು ತೋರಿಸಿ ಅಕ್ಕಿ ತರುವ ಏರ್ಪಾಡಾಯಿತು. ಅಂಗಡಿಯವನು ಯಂತ್ರವನ್ನು ಮುಖದ ಹತ್ತಿರ ತಂದಾಗೆಲ್ಲ ಹುಬ್ಬು ಹಾರಿಸಿ ಅವನನ್ನು ಹೆದರಿಸುವುದು ಅವಳಿಗೊಂದು ಆಟ.

ಅವಳು ನನಗೆ ರಕ್ತಸಂಬಂಧಿಯಲ್ಲ. ನನ್ನ ಅವ್ವನ ಜೊತೆಗಾತಿ. ಆದರೂ ನನಗೆ ಮಾತು ಬಂದಾಗಿನಿಂದ ಅವಳನ್ನು ಕರೆದದ್ದು ಚಿಕ್ಕವ್ವ ಎಂದೇ. ಕುಂತೂರಿನಲ್ಲಿ ಮನೆ. ಅವಳ ಗಂಡ ಅಲ್ಲಿಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು ನಿವೃತ್ತರಾದವರು. ನಮ್ಮ ಮನೆ ಕೊಳ್ಳೇಗಾಲದಲ್ಲಿ. ನಡುವೆ ಇರುವುದು ಒಂದು ಬಸ್ಸಿನ ದಾರಿ, ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡರೆ ಇನ್ನೂ ಸ್ವಲ್ಪ ಹೆಚ್ಚು. ಆ ದಾರಿಯನ್ನು ಅವಳು ಪ್ರತಿ ಸೋಮವಾರ ಬಂದಳು. ನಾನು ಹುಟ್ಟುವ ಮೊದಲಿನಿಂದ ಬಂದಳು. ನನ್ನ ಮದುವೆಯಾಗಿ, ನನ್ನ ಮಕ್ಕಳು ಕಾಲೇಜಿಗೆ ಹೋಗುವವರೆಗೂ ಬಂದಳು.

ಸೋಮವಾರವೇ ಏಕೆ ಎಂಬುದಕ್ಕೆ ಒಂದು ಕಾರಣವಿದೆ. ಅವ್ವ ಮತ್ತು ಚಿಕ್ಕವ್ವ ಇಬ್ಬರೂ ಪ್ರಾಯದಲ್ಲಿ ನಮ್ಮ ಬೀದಿಯ ಪಕ್ಕದಲ್ಲೇ ಇದ್ದ ಒಂದು ನೂಲು ಬಿಚ್ಚುವ ಮನೆಯಲ್ಲಿ ಕೆಲಸ ಮಾಡುತ್ತಿದ್ದರು. ಒಂದು ಚರಕಕ್ಕೆ ಇಬ್ಬರು. ಒಬ್ಬಳು ಕುದಿಯುವ ಬಾಣಲೆಯ ಮುಂದೆ ಕುಳಿತು, ತೇಲುವ ಗೂಡುಗಳಿಂದ ಎಳೆಯ ತುದಿ ಹುಡುಕಿ, ಕೂಡಿಸಿ ಕೊಡಬೇಕು. ಇನ್ನೊಬ್ಬಳು ಚಕ್ರ ತಿರುಗಿಸಬೇಕು. ಬಾಣಲೆಯ ಮುಂದೆ ಚಿಕ್ಕವ್ವ, ಚಕ್ರಕ್ಕೆ ಅವ್ವ. ಗೂಡಿನೊಳಗೆ ಹುಳ ಇರುತ್ತದೆ, ನೀರಿಗೆ ಹಾಕಿದರೆ ಸಾಯುತ್ತದೆ. ಆ ಮನೆಯ ಯಜಮಾನರು ಮಾದಪ್ಪನ ಒಕ್ಕಲು. ಮಿಕ್ಕ ದಿನ ಹೊಟ್ಟೆಪಾಡು ಇದ್ದದ್ದೇ, ಮಾದಪ್ಪನ ವಾರದಲ್ಲಿ ಮಾತ್ರ ನಮ್ಮ ಒಲೆಯ ಮೇಲೆ ಜೀವ ಹೋಗುವುದು ಬೇಡ ಎಂದು ಸೋಮವಾರ ಬೆಂಕಿ ಹಚ್ಚಿಸುತ್ತಿರಲಿಲ್ಲ. ಹಾಗಾಗಿ ವಾರಕ್ಕೊಂದು ದಿನ ಇಬ್ಬರಿಗೂ ರಜೆ.

ಅವ್ವನಿಗೆ ನನಗಿಂತ ಮೊದಲು ಒಂದು ಹೆಣ್ಣು ಕೂಸು ಹುಟ್ಟಿತ್ತು. ಇನ್ನೂ ಅಂಬೆಗಾಲು. ಅದನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದವಳು ಅಪ್ಪನ ತಂಗಿ, ಅಂದರೆ ನನ್ನ ಸೋದರತ್ತೆ. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು ಕುಳಿತವಳು. ಅಡುಗೆಮನೆಯ ಬೀಗ, ಹಾಲಿನ ಪಾತ್ರೆ, ಯಾರು ಎಷ್ಟು ಹೊತ್ತಿಗೆ ಉಣ್ಣಬೇಕು ಎಂಬುದು, ಎಲ್ಲ ಅವಳ ಕೈಯಲ್ಲಿ. ಅವ್ವನನ್ನು ಅವಳು ಹುರಿದು ಮುಕ್ಕಿದಳು ಎಂದು ಬೀದಿಗೆಲ್ಲ ಗೊತ್ತು. ಒಂದು ದಿನ ಕೂಸಿಗೆ ಜ್ವರ ಏರಿ ಫಿಟ್ಸ್ ಬಂತು. ನೂಲಿನ ಮನೆ ಕೂಗಿದರೆ ಕೇಳುವಷ್ಟು ದೂರ. ಅತ್ತೆ ಕೂಗಲಿಲ್ಲ. ಕೂಸು ಮಲಗಿದೆ ಅಂದುಕೊಂಡಳೋ, ಕೆಲಸದಲ್ಲಿದ್ದವಳನ್ನು ನಡುವೆ ಎಬ್ಬಿಸುವುದು ಬೇಡ ಅಂದುಕೊಂಡಳೋ, ಯಾರಿಗೂ ಗೊತ್ತಿಲ್ಲ. ಎದುರುಮನೆಯವರು ಓಡಿಬಂದು ಹೇಳುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ಚಿಕ್ಕವ್ವ ಎಳೆ ಬಿಟ್ಟು, ಕೈ ಒರೆಸದೆ ಅವ್ವನ ಹಿಂದೆ ಓಡಿದಳು. ಕೂಸನ್ನು ಎತ್ತಿಕೊಂಡದ್ದು ಚಿಕ್ಕವ್ವನೇ. ಆಸ್ಪತ್ರೆಯ ದಾರಿಯಲ್ಲಿ ಅದು ಅವಳ ತೋಳಿನಲ್ಲೇ ಹೋಯಿತು.

ಅವ್ವ ಆಮೇಲೆ ಅನ್ನ ಬಿಟ್ಟು ಗೋಡೆ ನೋಡುತ್ತ ಕುಳಿತುಬಿಟ್ಟಳಂತೆ. ಆ ವಾರದ ಸೋಮವಾರ ಚಿಕ್ಕವ್ವ ಹರಳೆಣ್ಣೆ ಬಟ್ಟಲು ಹಿಡಿದು ಬಂದಳು. ಏನೂ ಸಮಾಧಾನ ಹೇಳಲಿಲ್ಲ. ತಲೆಗೆ ಎಣ್ಣೆ ಒತ್ತಿದಳು, ಸಿಕ್ಕು ಬಿಡಿಸಿದಳು, ಜಡೆ ಹಾಕಿದಳು. ಹೊರಡುವಾಗ "ಬರೋ ಸೋಮಾರ ಬತ್ತೀನಿ ಕಣಕ್ಕ" ಎಂದಳು. ಹಾಗೆ ಶುರುವಾದದ್ದು. ನೂಲಿನ ಮನೆಯಲ್ಲಿ ಮಿಷನ್ನು ಬಂದು ಚರಕ ನಿಂತಿತು, ಯಜಮಾನರು ಹೋದರು, ಆ ಕಟ್ಟಡ ಈಗ ಟೈಲ್ಸ್ ಅಂಗಡಿ. ಚಿಕ್ಕವ್ವ ಗಂಡನ ಕೆಲಸದ ಊರಿಗೆ ಹೋದಳು. ಸೋಮವಾರ ಮಾತ್ರ ನಿಲ್ಲಲಿಲ್ಲ.

ಅತ್ತೆ ಅದೇ ಮನೆಯಲ್ಲಿ ಇನ್ನೂ ಬಹಳ ವರ್ಷ ಬದುಕಿದ್ದಳು. ನಾನು ಕಂಡ ಅತ್ತೆ ಮೂಲೆಯಲ್ಲಿ ಕುಳಿತು ಎಲೆಯಡಿಕೆ ಕುಟ್ಟುವ ಮುದುಕಿ. ಅವ್ವ ಅವಳಿಗೆ ಹೊತ್ತುಹೊತ್ತಿಗೆ ಬಡಿಸಿದಳು, ಕೊನೆಗಾಲದಲ್ಲಿ ಮೈ ತೊಳೆದಳು. ಆದರೆ ಕೂಸಿನ ಮಾತು ಇಬ್ಬರ ನಡುವೆ ಒಮ್ಮೆಯೂ ಬರಲಿಲ್ಲ. ಯಾಕೆ ಕರೆಯಲಿಲ್ಲ ಎಂದು ಅವ್ವ ಕೇಳಲಿಲ್ಲ. ತಪ್ಪಾಯಿತು ಎಂದು ಅತ್ತೆ ಹೇಳಲಿಲ್ಲ. ಹಾಗೇ ಹೋಗಿಬಿಟ್ಟಳು.

ಚಿಕ್ಕವ್ವ ಬರುವ ದಿನ ಮನೆಯ ಗಾಳಿಯೇ ಬೇರೆ. ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟೇ ಅವಳಿಗೆ ಬೇಕು. ಬೇರೆ ಯಾರಾದರೂ ಕುಳಿತಿದ್ದರೆ "ವಸಿ ಜರುಗವ್ವ, ನಾನು ಡ್ರೈವರ್‌ಗೆ ದಾರಿ ಯೋಳ್ಬೇಕು" ಎನ್ನುವಳು. ಕೈಚೀಲದಲ್ಲಿ ಅವರೆಕಾಯಿಯೋ, ಕಬ್ಬಿನ ತುಂಡೋ, ಅವಳ ಹಿತ್ತಲಿನ ನುಗ್ಗೆಸೊಪ್ಪೋ ಇರುತ್ತಿತ್ತು. ಬರಿಗೈಯಲ್ಲಿ ಬಂದದ್ದು ನನಗೆ ನೆನಪಿಲ್ಲ. ಬಂದವಳು ಮೊದಲು ಅವ್ವನ ಅಡುಗೆಗೆ ಒಂದು ತಪ್ಪು ಹುಡುಕಬೇಕು. "ಅಕ್ಕ, ಈ ಸಾರ್ನ ನಿನ್ ಅಳಿಯಂಗೆ ಬಡಿಸ್ಬುಟ್ಟೀಯ, ಮಗ್ಳನ್ನ ವಾಪಸ್ ಕಳಿಸ್ಬುಟ್ಟಾನು!" ಅವ್ವ ಸೌಟು ಎತ್ತುವಳು. ಇಬ್ಬರೂ ಹುಡುಗಿಯರ ಹಾಗೆ ನಗುವರು. ಇವರಿಬ್ಬರು ಇಷ್ಟು ವರ್ಷ ಏನು ಮಾತಾಡಿದರು ಎಂದು ನನಗೆ ಈಗ ಆಶ್ಚರ್ಯವಾಗುತ್ತದೆ. ಕಿವಿಗೊಟ್ಟು ಕೇಳಿದಾಗಲೆಲ್ಲ ಅದು ಸೊಪ್ಪಿನ ಮಾತು, ಸೊಸೆಯ ಮಾತು, ಮಂಡಿ ನೋವಿನ ಮಾತು.

ಕಾವೇರಿ ಗಲಾಟೆಯಲ್ಲಿ ಬಸ್ಸು ನಿಂತ ದಿನ ಕಬ್ಬಿನ ಟ್ರ್ಯಾಕ್ಟರ್ ಏರಿ ಬಂದಿದ್ದಳು. ತಲೆಯ ತುಂಬ ಕಬ್ಬಿನ ತರಗು. ಕೊರೊನಾ ಕಾಲದಲ್ಲಿ ಪೊಲೀಸರು ಊರ ಹೊರಗೇ ತಡೆದರು. "ಎಲ್ಲಿಗಜ್ಜಿ?" "ನಮ್ಮಕ್ಕನ ತಾವ್ಕೆ ಸಾ." "ಅರ್ಜೆಂಟಾ?" "ಊ ಸಾ, ಸೋಮಾರ." ಆ ಹುಡುಗ ಪೊಲೀಸನಿಗೆ ಏನು ಅರ್ಥವಾಯಿತೋ, ಬಿಟ್ಟುಬಿಟ್ಟನಂತೆ. ಬಂದು ನಮ್ಮ ಗೇಟಿನ ಆಚೆಯೇ ನಿಂತು, ಮೂಗು ಬಾಯಿಗೆ ಸೆರಗು ಬಿಗಿದು, ಅವ್ವನ ಜೊತೆ ಕೂಗಿ ಮಾತಾಡಿ ಹೋದಳು. ಬೀದಿಗೆಲ್ಲ ಅವಳ ಸೊಸೆಯ ಸಮಾಚಾರ ತಿಳಿದದ್ದು ಅಂದೇ.

ಅವ್ವನ ಮರೆವು ಆ ಹೊತ್ತಿಗಾಗಲೇ ಮೆಲ್ಲನೆ ಕಾಲಿಟ್ಟಿತ್ತು. ಮೊದಲು ಸಾರಿಗೆ ಎರಡು ಸಲ ಉಪ್ಪು ಬಿತ್ತು. ಆಮೇಲೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ, ಹುಟ್ಟಿ ಬೆಳೆದ ಊರಿನಲ್ಲೇ, ಮನೆಗೆ ಯಾವ ಕಡೆ ಹೋಗಬೇಕು ಎಂದು ತಿಳಿಯದೆ ನಿಂತಿದ್ದಳು. ಮೈಸೂರಿನ ಡಾಕ್ಟರು ತಲೆಯ ಸ್ಕ್ಯಾನ್ ನೋಡಿ, ಇದು ಹಿಂದಕ್ಕೆ ಹೋಗುವ ಕಾಯಿಲೆಯಲ್ಲ ಎಂದರು. ನಾನು ಹನೂರಿನ ಕಡೆಯ ಒಂದು ಶಾಲೆಯಲ್ಲಿ ಮೇಡಂ. ಬೆಳಿಗ್ಗೆ ಬಸ್ಸು ಹತ್ತಿದರೆ ಮರಳುವುದು ಸಂಜೆ. ನಾನೂ ನನ್ನವರೂ ಕೆಲಸಕ್ಕೆ ಹೋದಾಗ ಅವ್ವನನ್ನು ನೋಡಿಕೊಳ್ಳಲು ಪಕ್ಕದ ಬೀದಿಯ ಹೆಂಗಸೊಬ್ಬರನ್ನು ಗೊತ್ತುಮಾಡಿದೆವು. ಸೋಮವಾರ ಅವರಿಗೆ ರಜೆ, ಅವತ್ತು ಚಿಕ್ಕವ್ವ ಇರುತ್ತಿದ್ದಳಲ್ಲ. ನೆಂಟರು ಮೊದಮೊದಲು ಹಣ್ಣು ಹಿಡಿದು ಬಂದರು. ಅವ್ವ ಗುರುತು ಹಿಡಿಯದಾದಾಗ ಒಬ್ಬೊಬ್ಬರಾಗಿ ನಿಂತರು. ಆಮೇಲೆ ಫೋನಿನಲ್ಲಿ ಕೈಮುಗಿದ ಚಿತ್ರ ಕಳಿಸುತ್ತಿದ್ದರು. ನನಗೆ ಅವರ ಮೇಲಿದ್ದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಒಂದು ಬೇಸಿಗೆ ರಜೆಯಲ್ಲಿ ನಾನು ಮನೆಯಲ್ಲೇ ಇದ್ದೆ. ಸೋಮವಾರ ಚಿಕ್ಕವ್ವ ಎಂದಿನಂತೆ ಚೀಲ ಹಿಡಿದು ಒಳಗೆ ಬಂದು "ಅಕ್ಕ, ಏನ್ಮಾಡ್ತಿದ್ದೀಯೇ?" ಎಂದಳು. ಅವ್ವ ತಿರುಗಿ ನೋಡಿದವಳು ಮಂಚದಿಂದ ಎದ್ದು ನಿಂತಳು. ಅವಳ ಮುಖದಲ್ಲಿ ಅಂಥ ಸಿಟ್ಟನ್ನು ನಾನು ಎಂದೂ ಕಂಡಿರಲಿಲ್ಲ.

"ಬಂದ್ಯಾ ಪಾಪಿ? ನನ್ ಕೂಸ್ನ ತಿಂದ್ಕಂಡಿದ್ದು ಸಾಲ್ದು ಅಂತ ಬಂದ್ಯಾ? ಯಾಕೆ ಕರೀನಿಲ್ಲ ನನ್ನ? ಕೂಗುದ್ರೆ ಕೇಳ್ತಿತ್ತಲ್ಲ, ಯಾಕೆ ಕೂಗ್ನಿಲ್ಲ?"

ನಮಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವ್ವ ಅವಳನ್ನು ಸತ್ತುಹೋದ ನಾದಿನಿ ಎಂದುಕೊಂಡಿದ್ದಳು. "ಅಯ್ಯೋ, ನಾನು ಕಣಕ್ಕ, ನಿನ್ ಜೊತೆಗಾತಿ. ಇಲ್ನೋಡು ನನ್ ಬೆಳ್ಳು" ಎಂದು ಚಿಕ್ಕವ್ವ ತನ್ನ ಬಿಳಿ ಬೆರಳುಗಳನ್ನು ಮುಂದೆ ಚಾಚಿದಳು. ಅವ್ವ ಚೊಂಬು ಎತ್ತಿ ಎಸೆದಳು. ಅದು ಚಿಕ್ಕವ್ವನ ಹುಬ್ಬಿಗೆ ಬಿತ್ತು. ನಾನು ಅರಿಶಿನ ಒತ್ತುತ್ತಿದ್ದರೆ ಅವಳು ನೋವಿಗೆ ಹುಬ್ಬು ಗಂಟಿಕ್ಕಿ ಒಂದೇ ಮಾತು ಹೇಳಿದಳು: "ಇಷ್ಟ್ ವರ್ಸ ಇದ್ನೆಲ್ಲ ಎಲ್ಲಿ ಮಡಿಕಂಡಿದ್ಲು ಇವ್ಳು?"

ಮುಂದಿನ ವಾರವೂ ಅದೇ. ಬೇರೆ ಯಾರು ಬಂದರೂ ಅವ್ವ ಸುಮ್ಮನೆ ನೋಡುತ್ತಿದ್ದಳು. ಚಿಕ್ಕವ್ವ ಹೊಸ್ತಿಲು ದಾಟಿದರೆ ಮಾತ್ರ ಕೆಂಡ. ಲೋಕದಲ್ಲಿ ಇಷ್ಟು ಜನ ಇರುವಾಗ, ಕೂಸನ್ನು ತೋಳಿನಲ್ಲಿ ಹೊತ್ತು ಓಡಿದವಳೇ ಅದನ್ನು ಕೊಂದವಳಾಗಿ ಕಾಣಬೇಕೇ ಎಂದು ನನಗೆ ದೇವರ ಮೇಲೆ ಕೋಪ ಬಂತು. ಬಸ್ಸಿಗೆ ಹತ್ತಿಸುವಾಗ ಹೇಳಿದೆ: "ಚಿಕ್ಕವ್ವ, ಇನ್ನು ನೀನು ಬರಬೇಡ. ಅವಳಿಗೂ ಹಿಂಸೆ, ನಿನಗೂ ಹಿಂಸೆ. ನೀನು ಯಾರು ಅಂತಲೇ ಅವಳಿಗೆ ಗೊತ್ತಾಗ್ತಿಲ್ಲ."

"ಸೋಮಾರ ಅಲ್ವಾ ಕಣವ್ವ?" ಎಂದಳು, ನಾನೇ ಏನೋ ಮರೆತಿದ್ದೇನೆ ಎನ್ನುವ ಹಾಗೆ.

ಮೂರನೆಯ ಸೋಮವಾರ ಅವಳು ಬಂದಾಗ ಅವ್ವ ಬಾಗಿಲಿಗೇ ಬಂದು ನಿಂತಿದ್ದಳು. "ಯಾಕ್ ಕರೀನಿಲ್ಲ?" ಎಂದು ಮೊದಲಾಯಿತು. ಚಿಕ್ಕವ್ವ ಚೀಲ ಕೆಳಗಿಟ್ಟಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಅತ್ತೆ ಹಾಗೇ ಹೊದೆಯುತ್ತಿದ್ದುದು. ಆಮೇಲೆ ತಲೆ ತಗ್ಗಿಸಿ ಹೇಳಿದಳು:

"ತಪ್ಪಾಯ್ತು ಅತ್ತಿಗೆ. ಕೂಸು ಮನಗದೆ ಅಂದ್ಕಂಡಿದ್ದೆ. ನಂಗೆ ತಿಳೀನಿಲ್ಲ."

ಹೊಡೆಯಲು ಎತ್ತಿದ್ದ ಅವ್ವನ ಕೈ ಗಾಳಿಯಲ್ಲೇ ನಿಂತಿತು. "ತಿಳೀನಿಲ್ಲ ಅಂದ್ರೆ ಆಯ್ತಾ?" ಎಂದಳು, ಆದರೆ ದನಿ ಇಳಿದಿತ್ತು. "ಇಲ್ಲ ಅತ್ತಿಗೆ, ಆಗಾಕಿಲ್ಲ. ತಪ್ಪು ತಪ್ಪೇ." ಅವ್ವ ಮಂಚಕ್ಕೆ ಮರಳಿ ಕುಳಿತಳು. ಚಿಕ್ಕವ್ವ ಹಿಂದೆ ಕುಳಿತು ತಲೆಗೆ ಎಣ್ಣೆ ಒತ್ತಿದಳು. ಅವ್ವ ಒತ್ತಿಸಿಕೊಂಡಳು.

ಆಮೇಲಿನ ವರ್ಷಗಳಲ್ಲಿ ಇದೇ ಪದ್ಧತಿಯಾಯಿತು. ಸೋಮವಾರ ಬರುವುದು, ಸೆರಗು ಹೊದೆಯುವುದು, ಬೈಸಿಕೊಳ್ಳುವುದು, ತಪ್ಪಾಯ್ತು ಅತ್ತಿಗೆ ಅನ್ನುವುದು. ಬೈಗುಳ ಮುಗಿದ ಮೇಲೆ ತಲೆ ಬಾಚುವುದು, ಮುದ್ದೆ ಚೂರು ಮಾಡಿ ಉಣ್ಣಿಸುವುದು. ಆ ದಿನ ಅವ್ವ ಚೆನ್ನಾಗಿ ನಿದ್ದೆ ಮಾಡುತ್ತಿದ್ದಳು. ಅತ್ತೆ ಬದುಕಿದ್ದಾಗ ಆಡದೆ ಉಳಿಸಿದ ಮಾತನ್ನು ಕುಂತೂರಿನಿಂದ ಬಸ್ಸಿನಲ್ಲಿ ಬಂದು ಇನ್ನೊಬ್ಬಳು ಆಡಬೇಕಾಗಿತ್ತು. ಒಮ್ಮೆ ಚಿಕ್ಕವ್ವನನ್ನು ಕೇಳಿದೆ, ಅತ್ತೆ ನಿಜವಾಗಿಯೂ ಕೂಸು ಮಲಗಿದೆ ಅಂದುಕೊಂಡಿದ್ದಳಾ ಎಂದು. "ನಂಗೇನ್ ಗೊತ್ತವ್ವ? ಅಂಗೂ ಇದ್ದಿರ್ಬೋದು. ಆ ಯಮ್ಮನೂ ಕೂಸ್ನ ಎತ್ತಾಡ್ದೋಳೇ ಅಲ್ವಾ" ಎಂದಳು.

ಅವಳು ದೇವತೆಯೇನಲ್ಲ. ಬೈಗುಳ ಜಾಸ್ತಿಯಾದ ದಿನ ಅಡುಗೆಮನೆಗೆ ಬಂದು ನನ್ನ ಮೇಲೆ ಹರಿಹಾಯುವಳು. "ನಿಮ್ಮತ್ತೆ ಮಾಡಿದ್ಕೆಲ್ಲ ನಾನ್ ತಲೆ ಕೊಡ್ಬೇಕು ನೋಡು. ಸತ್ತು ಸುಖವಾಗವ್ಳೆ ಆ ಯಮ್ಮ!" ಆಮೇಲೆ ತಾನೇ ನಗುವಳು. ಅವಳ ಗಂಡನಿಗಂತೂ ಇದು ತಲೆಗೆ ಹತ್ತುತ್ತಲೇ ಇರಲಿಲ್ಲ. ಒಮ್ಮೆ ಸಂತೆಯಲ್ಲಿ ಸಿಕ್ಕವರು ನನ್ನನ್ನು ನಿಲ್ಲಿಸಿ ಕೇಳಿದರು: "ಅಲ್ಲ ಕಣವ್ವ, ಬೈಸ್ಕಳಕ್ಕೆ ಅಂತ ಯಾರಾರ ಬಸ್ ಹತ್ಕಂಡು ಓಯ್ತಾರಾ? ನಾನು ಇಲ್ಲೇ ಬೈಯ್ತೀನಿ, ಮನೇಲೇ ಇರು ಅಂತೀನಿ. ಕೇಳಾಕಿಲ್ಲ."

ಹಿತ್ತಲಿನಲ್ಲಿ ಅವಳು ಅತ್ತದ್ದನ್ನು ಒಂದು ಸಲ ಕಂಡಿದ್ದೇನೆ. ಅಂದು ಅವ್ವ ಬೈದಿರಲಿಲ್ಲ. ತಲೆ ಬಾಚಿಸಿಕೊಳ್ಳುತ್ತ ತನ್ನ ಜೊತೆಗಾತಿಯ ವಿಷಯ ಶುರುಮಾಡಿದ್ದಳು. ಬಾಣಲೆ ಮುಂದೆ ಕೂರುತ್ತಿದ್ದವಳು, ಬಾಳ ನಗಿಸುತ್ತಿದ್ದವಳು, ಎಳೆ ಕೊಡುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ ಎಂದೆಲ್ಲ. ಕೊನೆಗೆ "ಎಲ್ಲೋದ್ಲೋ ಏನೋ. ಈಚೀಚ್ಗೆ ನನ್ನ ಮರ್ತೇಬುಟ್ಲು, ಬರಾದೇ ಇಲ್ಲ" ಎಂದಳು. ಚಿಕ್ಕವ್ವನ ಕೈಯಲ್ಲಿ ಅವ್ವನ ಜಡೆ ಇತ್ತು. "ಬತ್ತಾಳೆ ಬುಡು ಅತ್ತಿಗೆ, ಅವ್ಳೆಲ್ಲಿ ಓದಾಳು" ಎಂದು ಜಡೆಯನ್ನು ಕೊನೆಯವರೆಗೂ ಹೆಣೆದು, ಗಂಟು ಹಾಕಿ, ಆಮೇಲೆ ಎದ್ದು ಹೋಗಿ ನೀರಿನ ತೊಟ್ಟಿಯ ಹಿಂದೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ನಾನು ಹತ್ತಿರ ಹೋಗಲಿಲ್ಲ.

ಬದಲಾಗದೆ ನಿಲ್ಲುವುದಕ್ಕೆ ನಿಷ್ಠೆ ಎನ್ನುತ್ತಾರೆ ಎಂದು ನಾನು ಮಕ್ಕಳಿಗೆ ಪಾಠ ಹೇಳಿದ್ದೇನೆ, ಬೋರ್ಡಿನ ಮೇಲೆ ಅರ್ಥ ಬರೆಸಿದ್ದೇನೆ. ಚಿಕ್ಕವ್ವ ಬದಲಾಗದೆ ನಿಂತಿದ್ದರೆ ನಮ್ಮ ಮನೆಯ ಹೊಸ್ತಿಲು ದಾಟಲಾಗುತ್ತಿರಲಿಲ್ಲ. ಅಕ್ಕ ಎನ್ನುವ ಕರೆಯನ್ನು ಬಿಟ್ಟಳು, ತನ್ನ ಗುರುತನ್ನು ಬಿಟ್ಟಳು, ತಾನು ಮಾಡದ ಪಾಪವನ್ನು ಹೊದ್ದುಕೊಂಡಳು. ಬರುವುದೊಂದನ್ನು ಬಿಡಲಿಲ್ಲ. ಆ ಪಾಠವನ್ನು ಈಗ ಹೇಳುವಾಗ ಆ ಪದದ ಅರ್ಥ ಬರೆಸದೆ ಮುಂದಕ್ಕೆ ಹೋಗುತ್ತೇನೆ, ಮಕ್ಕಳು ಮೇಡಂ ಮರೆತರು ಎಂದುಕೊಳ್ಳುತ್ತಾರೆ.

ಹೋದ ವರ್ಷ ಮಳೆ ಮುಗಿಯುವ ಹೊತ್ತಿಗೆ ಅವಳು ಸೊರಗತೊಡಗಿದಳು. ಕುಪ್ಪಸ ಸಡಿಲವಾಯಿತು, ಹೊಟ್ಟೆ ಮಾತ್ರ ಉಬ್ಬಿತು. ಕೇಳಿದರೆ "ಗ್ಯಾಸು" ಎನ್ನುವಳು. ಒಂದು ಸೋಮವಾರ ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು, ನಾನು ಶಾಲೆಗೆ ಹೊರಟವಳು ಕೈ ಹಿಡಿದು ಒಳಗೆ ಕರೆತಂದೆ. ಒಳಗೆ ಬಂದವಳು ಮೊದಲು ಮಾಡಿದ್ದು ಸೆರಗು ಹೊದ್ದುಕೊಂಡದ್ದು. ಸಂಜೆ ಹೊರಡುವಾಗ ಅವ್ವನಿಗೆ "ಬತ್ತೀನಿ ಅತ್ತಿಗೆ" ಎಂದಳು. ಮುಂದಿನ ಸೋಮವಾರ ಬರಲಿಲ್ಲ. ಫೋನು ಮಾಡಿದರೆ ಅವಳ ಗಂಡ "ಮೈಸೂರ್ ಆಸ್ಪತ್ರೇಲವ್ಳೆ ಕಣವ್ವ" ಎಂದರು. ಹೊಟ್ಟೆಯಲ್ಲಿ ಗಡ್ಡೆ, ಕೈ ಮೀರಿದೆ. ಅವಳಿಗೆ ಅದು ಮೊದಲೇ ಗೊತ್ತಿತ್ತಂತೆ, ಅಡ್ಮಿಟ್ ಮಾಡಿಕೊಂಡರೆ ಸೋಮವಾರ ತಪ್ಪುತ್ತದೆ ಎಂದು ತಳ್ಳಿಕೊಂಡು ಬಂದಿದ್ದಳಂತೆ. ಅದನ್ನು ಹೇಳುವಾಗ ಅವರ ದನಿಯಲ್ಲಿ ನಮ್ಮ ಮೇಲೆ ಸಿಟ್ಟಿತ್ತು. ಇರಬೇಕಾದದ್ದೇ.

ನಾನು ನೋಡಲು ಹೋದೆ. ಆ ದೊಡ್ಡ ವಾರ್ಡಿನಲ್ಲಿ ಮಂಚದ ಮೇಲೆ ಒಂದು ಹಿಡಿಯಾಗಿ ಮಲಗಿದ್ದಳು.

"ಸೋಮಾರ ಯಾರ್ ಕೂತಿದ್ರು?" ಮೊದಲ ಮಾತೇ ಅದು.

"ನಾನೇ ಚಿಕ್ಕವ್ವ. ರಜ ಹಾಕಿದ್ದೆ."

"ಬೈದ್ಲಾ?"

"ಇಲ್ಲ. ಇಡೀ ದಿನ ಸುಮ್ಮನೇ ಇದ್ದಳು. ಊಟ ಮಾಡಲಿಲ್ಲ."

ಅವಳು ಗೋಡೆಯ ಕಡೆ ತಿರುಗಿದಳು. "ಪಾಪ. ಬೈಯಕ್ಕೂ ಒಬ್ರು ಬೇಕಲ್ಲವ್ವ."

ನನಗೆ ತಡೆಯಲಾಗಲಿಲ್ಲ. "ಅವ್ವ ಒಂದೇ ಒಂದು ಸಲ ನಿನ್ನ ಗುರುತು ಹಿಡೀಲಿ ಅಂತ ನನಗೆ ಬಹಳ ಆಸೆ ಇತ್ತು ಚಿಕ್ಕವ್ವ" ಎಂದೆ. ಅವಳು ಏನೋ ತಮಾಷೆ ಮಾಡಿ ತೇಲಿಸುತ್ತಾಳೆ ಎಂದುಕೊಂಡಿದ್ದೆ. ತೇಲಿಸಲಿಲ್ಲ.

"ನಂಗೂ ಇತ್ತು ಕಣವ್ವ. ಇಲ್ಲ ಅಂದ್ರೆ ಸುಳ್ಳಾಯ್ತದೆ. ಪ್ರತಿ ಸೋಮಾರ ಬಸ್ಸಿಳಿಯೋವಾಗ ಇವತ್ತು ಅಕ್ಕ ಅನ್ಬೋದೇನೋ ಅಂತ ಬತ್ತಿದ್ದೆ. ಬಾಗ್ಲಲ್ಲಿ ಅವ್ಳ ಮೊಕ ನೋಡಿ ಸೆರಗ ಎಳ್ಕತಿದ್ದೆ."

ಅದೇ ಅವಳು ನನ್ನೊಡನೆ ಆಡಿದ ಕೊನೆಯ ಮಾತು. ಮನೆಗೆ ಕರೆತಂದ ಕೆಲವೇ ದಿನಕ್ಕೆ ತೀರಿಕೊಂಡಳು.

ಅವ್ವನನ್ನು ಕರೆದೊಯ್ಯಬೇಕೋ ಬೇಡವೋ ಎಂದು ಮನೆಯಲ್ಲಿ ಮಾತಾಯಿತು. ಅವಳಿಗೇನು ತಿಳಿಯುತ್ತದೆ, ಸುಮ್ಮನೆ ಗಾಬರಿ ಎಂದು ನನ್ನವರು ಹೇಳಿದರು. ಎಷ್ಟೋ ಸಾವಿರ ಸಲ ಅವಳು ಈ ಕಡೆ ಬಂದಿದ್ದಾಳೆ, ಒಂದು ಸಲ ಇವಳು ಆ ಕಡೆ ಹೋಗಲಿ ಎಂದು ನಾನು ಹಟ ಹಿಡಿದೆ. ಅವ್ವನಿಗೆ ಒಳ್ಳೆಯ ಸೀರೆ ಉಡಿಸಿ, ಕಾರಿನಲ್ಲಿ ಕೂರಿಸಿಕೊಂಡು ಕುಂತೂರಿಗೆ ಹೋದೆವು. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತಿದ್ದವು. ಅವ್ವ ಕಿಟಕಿಯಿಂದ ಅವನ್ನು ನೋಡುತ್ತ ಸಮಾಧಾನವಾಗಿದ್ದಳು.

ನಮ್ಮ ಕಡೆ ಶಿವಭಕ್ತರ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಚಿಕ್ಕವ್ವನನ್ನೂ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ, ಕಾಲು ಮಡಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಿಗೆ ಹೂ, ಪತ್ರೆ. ಜಾರದಿರಲೆಂದು ಸೆರಗನ್ನು ತಲೆಯ ಮೇಲೆ ಎಳೆದು ಕಟ್ಟಿದ್ದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅದೇ ಸೆರಗು ಹೊದ್ದು ಕೂತಿರುತ್ತಾಳೆ ಎಂದು ನನಗೆ ಹೊಳೆದೇ ಇರಲಿಲ್ಲ. ಅವ್ವ ನನ್ನ ಕೈ ಬಿಡಿಸಿಕೊಂಡು, ಅಳುತ್ತಿದ್ದ ಹೆಂಗಸರ ನಡುವೆ ದಾರಿ ಮಾಡಿಕೊಂಡು ನೇರ ಅವಳ ಎದುರು ಹೋಗಿ ಕುಳಿತಳು.

"ಇಲ್ಲಿ ಬಂದು ಕೂತಿದ್ದೀಯಾ? ಅಲ್ಲಿ ನಾನು ಕಾಯ್ಕಂಡಿರ್ಲಿ, ನೀನು ಇಲ್ಲಿ ಊ ಮುಡ್ಕಂಡು ಕೂತಿರು. ಯಾಕ್ ಕರೀನಿಲ್ಲ ನನ್ನ? ಕೂಗುದ್ರೆ ಕೇಳ್ತಿತ್ತಲ್ಲ?"

ಅಳು ಒಮ್ಮೆಲೇ ನಿಂತಿತು. "ಇದ್ಯಾರಿದು, ಹೆಣದ ಮುಂದೆ" ಎಂದು ಯಾರೋ ಗದರಿದರು. ಚಿಕ್ಕವ್ವನ ಮಗ, ಅತ್ತು ಅತ್ತು ಕಣ್ಣು ಕೆಂಪಾದವನು, ಅವ್ವನ ರಟ್ಟೆ ಹಿಡಿದು ಎಬ್ಬಿಸಲು ಬಗ್ಗಿದ. ನಾನು ನಾಚಿಕೆಯಿಂದಲೂ ದುಃಖದಿಂದಲೂ ಸತ್ತೇಹೋದಂತಾಗಿದ್ದೆ. ಆಗ ಕಂಬಕ್ಕೆ ಒರಗಿ ಕುಳಿತಿದ್ದ ಅವಳ ಗಂಡ ಕೈ ಎತ್ತಿದರು.

"ಬುಡ್ಲಾ ಮಗ, ಕೈ ತಗಿ. ಬೈಲಿ. ನಿಮ್ಮವ್ವ ಇದ್ದಿದ್ರೆ ಅನ್ನುಸ್ಕಂಡು ಕೂತಿರ್ತಿರ್ಲಿಲ್ವಾ? ಅವ್ರಿಬ್ರ ಮಧ್ಯ ನಾವ್ಯಾರು?"

ಅವನು ಕೈ ತೆಗೆದ. ಅವ್ವ ತನ್ನ ಪಾಡಿಗೆ ಬೈದಳು. ಬೀಗದ ಕೈ, ಹಾಲು, ಕೂಸಿನ ಜ್ವರ, ಎಲ್ಲ ಬಂತು. ಬೈದು ಮುಗಿಸಿ ಉತ್ತರಕ್ಕೆ ಕಾದಳು. ಎಂದೂ ತಪ್ಪದೆ ಬರುತ್ತಿದ್ದ ಆ ಮಾತಿಗಾಗಿ ಅವಳು ಮುಖ ಮುಂದೆ ಮಾಡಿ ಕಾಯುವುದನ್ನು ನೋಡಲಾಗದೆ ನಾನು ಗೋಡೆಗೆ ತಿರುಗಿಕೊಂಡೆ. ತುಸು ಹೊತ್ತಿನ ಮೇಲೆ ನೋಡಿದರೆ ಅವ್ವ ಚಿಕ್ಕವ್ವನ ಹಣೆಯ ಮೇಲೆ ಬಿದ್ದಿದ್ದ ಕೂದಲೆಳೆಯನ್ನು ಹಿಂದಕ್ಕೆ ಸರಿಸುತ್ತಿದ್ದಳು. ಆಮೇಲೆ ತಾನಾಗಿಯೇ ಎದ್ದು ಬಂದು ನನ್ನ ಕೈ ಹಿಡಿದಳು.

ಹಿಂದಿರುಗುವಾಗ ಕಾರಿನಲ್ಲಿ, ಊರು ಹತ್ತಿರ ಬಂದಾಗ ಅವ್ವ ಕೇಳಿದಳು:

"ಅವ್ಳ್ಯಾಕೆ ಇವತ್ತು ಮಾತಾಡ್ನಿಲ್ಲ?"

"ತೀರ್ಕೊಂಡ್ಲು ಅವ್ವ."

"ಯಾರು, ನನ್ ನಾದ್ನಿನಾ?"

ಇಲ್ಲ ಅವ್ವ, ನಿನ್ನ ಜೊತೆಗಾತಿ ಎಂದು ನಾಲಿಗೆಯ ತುದಿಗೆ ಬಂತು. ಹೇಳಿದರೆ ಅವಳಿಗೆ ಇಂದು ಆ ಸಾವು, ನಾಳೆ ಮರೆತು ಕೇಳಿದರೆ ಮತ್ತೆ ಅದೇ ಸಾವು. ನಾನು ಹೂಂ ಎಂದೆ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮೊದ್ಲು ನನ್ನ ಬಾಳ ಗೋಳುಯ್ಕಂಡ್ಲು ಕಣವ್ವ. ಆಮೇಲಾಮೇಲೆ ಒಳ್ಳೇವ್ಳಾಗ್ಬುಟ್ಲು. ತಪ್ಪಾಯ್ತು ಅಂತಿದ್ಲು. ತಲೆ ಬಾಚ್ತಿದ್ಲು. ಬ್ಯಾರೆ ಯಾರೂ ಬರ್ನಿಲ್ಲ, ಅವ್ಳೊಬ್ಳೇ ವಾರ ವಾರ ಬತ್ತಿದ್ಲು."

"ಹೌದು ಅವ್ವ" ಎಂದೆ. "ವಾರ ವಾರ ಬರ್ತಿದ್ಲು."